ಜೆರಾಕ್ಸ್ ಇಲ್ಲದ ಲಾಡ್ಜ್ ರಿಜಿಸ್ಟರ್: ಮೈಸೂರಿನ ಒಂದು ಕೌಂಟರಿಗೆ ಬರೆದ ಸಾಫ್ಟ್‌ವೇರ್

ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡ್ ಸುತ್ತಮುತ್ತ ರೂಮು ಹುಡುಕುವವರಿಗೆ ಗೊತ್ತು, ಕೌಂಟರಿನಲ್ಲಿ ಬಾಡಿಗೆಗಿಂತ ಮೊದಲು ಆಧಾರ್ ಜೆರಾಕ್ಸ್ ಮಾತು ಬರುತ್ತದೆ. ಆ ಹಾಳೆ ಫೈಲಿಗೆ ಹೋಗುತ್ತದೆ, ಫೈಲು ಮೆಟ್ಟಿಲ ಕೆಳಗಿನ ಗೂಡಿಗೆ ಹೋಗುತ್ತದೆ, ಗೂಡು ತುಂಬಿದ ಮೇಲೆ ಗುಜರಿಯವನ ತಕ್ಕಡಿಗೆ. ಇಂಥದೊಂದು 24 ರೂಮಿನ ಲಾಡ್ಜಿಗೆ ರಿಜಿಸ್ಟರ್ ಸಾಫ್ಟ್‌ವೇರ್ ಬರೆಯುವಾಗ ನಾನು ಇಟ್ಟುಕೊಂಡ ಷರತ್ತು ಒಂದೇ: ಬಂದವರು ಯಾರೆಂದು ಖಾತ್ರಿಯಾಗಬೇಕು, ಖಾತ್ರಿ ಮಾಡಿಕೊಳ್ಳಲು ಬಳಸಿದ ಸರಕು ಮಾತ್ರ ಲಾಡ್ಜಿನಲ್ಲಿ ಉಳಿಯಬಾರದು.

ಕಾನೂನು ಈ ವಿಷಯದಲ್ಲಿ ನಮ್ಮ ಅಭ್ಯಾಸಕ್ಕಿಂತ ಮುಂದಿದೆ. ಆಧಾರ್ ಕಾಯ್ದೆಗೆ 2019ರಲ್ಲಿ ಸೇರಿದ 8ಎ ಕಲಮಿನ ಪ್ರಕಾರ, ಆಫ್‌ಲೈನಾಗಿ ಗುರುತು ಪರೀಕ್ಷಿಸುವವರು ಆಧಾರ್ ಸಂಖ್ಯೆಯನ್ನು ಪಡೆಯುವಂತಿಲ್ಲ, ಬಳಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನ ಬೆಂಗಳೂರು ಕಚೇರಿಯು ಹೋಟೆಲು, ಸಿನಿಮಾ ಮಂದಿರಗಳು ಆಧಾರ್ ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಪ್ರಕಟಣೆ ಹೊರಡಿಸಿತು. ತಪ್ಪು ಅರ್ಥ ಬರುತ್ತದೆಂದು ಎರಡೇ ದಿನದಲ್ಲಿ ಅದು ವಾಪಸಾಯಿತು. ಪ್ರಕಟಣೆ ವಾಪಸಾದರೂ ಕಲಮು ಹಾಗೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿನ ಅರ್ಜಿದಾರರಾಗಿದ್ದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಓದಿದ್ದು ಇದೇ ಊರಿನ ಮಹಾರಾಜ ಕಾಲೇಜಿನಲ್ಲಿ. ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ನಡೆದೇ ಹೋಗಬಹುದು, ತೀರ್ಪು ಮಾತ್ರ ಇನ್ನೂ ಲಾಡ್ಜ್ ಕೌಂಟರಿಗೆ ತಲುಪಿಲ್ಲ.

ಜೆರಾಕ್ಸಿನ ಜಾಗಕ್ಕೆ ನಾನು ತಂದದ್ದು ಕಾರ್ಡಿನ ಮೇಲಿರುವ ಕ್ಯುಆರ್. ಈಗಿನ ಆಧಾರ್ ಕ್ಯುಆರ್‌ನಲ್ಲಿ ಪೂರ್ತಿ ಸಂಖ್ಯೆ ಇರುವುದಿಲ್ಲ. ಕೊನೆಯ ನಾಲ್ಕು ಅಂಕಿ, ಹೆಸರು, ಹುಟ್ಟಿದ ದಿನ, ವಿಳಾಸ, ಚಿಕ್ಕದೊಂದು ಫೋಟೊ, ಇವೆಲ್ಲದರ ಮೇಲೆ ಯುಐಡಿಎಐನ ಡಿಜಿಟಲ್ ಸಹಿ. ಒಳಗಿನ ಮಾಹಿತಿ ತಿದ್ದಿದ್ದರೆ ಸಹಿ ತಾಳೆಯಾಗುವುದಿಲ್ಲ, ಇಂಟರ್ನೆಟ್ ಇಲ್ಲದೆಯೇ ಅದನ್ನು ಪರೀಕ್ಷಿಸಬಹುದು. ಕಾರ್ಡ್ ನಕಲಿಯೋ ಅಸಲಿಯೋ ಎಂಬುದನ್ನು ಜೆರಾಕ್ಸ್ ಯಾವತ್ತೂ ಹೇಳಿಲ್ಲ, ಫೋಟೊಶಾಪ್ ಮಾಡಿದ ಕಾರ್ಡಿನ ಜೆರಾಕ್ಸೂ ಜೆರಾಕ್ಸೇ.

ಓದುವ ಕ್ರಮ ಹೀಗಿದೆ. ಸ್ಕ್ಯಾನ್ ಮಾಡಿದರೆ ಬರುವುದು ಸಾವಿರಾರು ಅಂಕಿಗಳ ಒಂದೇ ಒಂದು ದಶಮಾಂಶ ಸಂಖ್ಯೆ. ಅದನ್ನು ಬೈಟ್‌ಗಳಿಗೆ ತಿರುಗಿಸಬೇಕು. ಮೊದಲ ಎರಡು ಬೈಟ್ ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 1ಎಫ್, 8ಬಿ ಬಂದರೆ ಅದು ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದ ಮಾಹಿತಿ, ಅಂದರೆ ಇಲ್ಲಿಯವರೆಗೆ ಸರಿ. ಬಿಚ್ಚಿದ ಮೇಲೆ ಸಿಗುವ ಬೈಟ್‌ಗಳಲ್ಲಿ ಕೊನೆಯ 256 ಸಹಿ, ಅದರ ಹಿಂದಿನದೆಲ್ಲ ಸಹಿ ಬಿದ್ದ ಮಾಹಿತಿ. ಸಹಿ ಹಾಕುವ ವಿಧಾನ ಎಸ್‌ಎಚ್‌ಎ-256 ಜೊತೆ ಆರ್‌ಎಸ್‌ಎ, ಯುಐಡಿಎಐ ಪ್ರಕಟಿಸುವ ಸರ್ಟಿಫಿಕೇಟ್ ಇಟ್ಟುಕೊಂಡು ತಾಳೆ ನೋಡಬೇಕು. ಕಾಲಂಗಳ ನಡುವೆ 255 ಎಂಬ ಬೈಟ್ ಗಡಿಗಲ್ಲಿನ ಹಾಗೆ ನಿಂತಿರುತ್ತದೆ.

ಹೇಳುವಾಗ ನಾಲ್ಕು ಸಾಲು. ಮಾಡುವಾಗ ಕೈಕೊಡುವ ಜಾಗಗಳು ಬೇರೆ.

ಜಾವಾಸ್ಕ್ರಿಪ್ಟ್‌ನಲ್ಲಿ ಆ ಸಂಖ್ಯೆಯನ್ನು ಮಾಮೂಲಿ ನಂಬರ್ ಆಗಿ ಓದಿದರೆ ಇನ್ಫಿನಿಟಿ ಎಂದು ಬಂದು ಕೂರುತ್ತದೆ, 309 ಅಂಕಿ ದಾಟಿದ ಮೇಲೆ ಅದರ ಕೈಲಿ ಆಗುವುದಿಲ್ಲ. ದೊಡ್ಡ ಸಂಖ್ಯೆಗಳಿಗೆಂದೇ ಇರುವ ಬಿಗ್‌ಇಂಟ್ ಬೇಕೇ ಬೇಕು. ಪೈಥಾನ್‌ನ ಇಂಟ್ ದೊಡ್ಡ ಸಂಖ್ಯೆಯನ್ನು ತಾಳಿಕೊಳ್ಳುತ್ತದೆ, ಆದರೆ 3.11ರಿಂದೀಚೆಗೆ ಅಕ್ಷರದಿಂದ ಸಂಖ್ಯೆಗೆ ತಿರುಗಿಸಲು 4300 ಅಂಕಿಯ ಮಿತಿ ಹಾಕಿದ್ದಾರೆ, ದಾಟಿದರೆ ಎರರ್. ಎರಡನೆಯ ಗುಂಡಿ 255ರದ್ದು. ಫೋಟೊ ಇರುವುದು ಜೆಪೆಗ್ 2000 ರೂಪದಲ್ಲಿ, ಅದರ ಹೊಟ್ಟೆಯಲ್ಲೇ 255 ಎಷ್ಟೋ ಸಲ ಬರುತ್ತದೆ. ಇಡೀ ಸಾಲನ್ನು 255ರಲ್ಲಿ ಕತ್ತರಿಸಿದರೆ ಫೋಟೊ ಚೂರುಚೂರು. ಫೋಟೊಗಿಂತ ಮುಂಚಿನ ಕಾಲಂಗಳು ಮುಗಿಯುವವರೆಗೆ ಮಾತ್ರ ಕತ್ತರಿಸಿ ಅಲ್ಲಿಗೆ ಕತ್ತರಿ ಕೆಳಗಿಡಬೇಕು. ಕೆಲವು ಕ್ಯುಆರ್ ವಿ2 ಎಂಬ ಗುರುತಿನಿಂದ ಶುರುವಾಗುತ್ತವೆ, ಅದಕ್ಕೂ ಹಿಂದಿನವು ಆ ಗುರುತಿಲ್ಲದೆ. ಅದನ್ನು ನೋಡದೆ ನಾಲ್ಕನೆಯದು ಹೆಸರು ಎಂದು ಎಣಿಸಿಕೊಂಡರೆ ಕೆಲವರ ಹೆಸರಿನ ಜಾಗದಲ್ಲಿ ಹುಟ್ಟಿದ ದಿನ ಬರುತ್ತದೆ. ಸರ್ಟಿಫಿಕೇಟನ್ನೂ ಒಂದೇ ಇಟ್ಟುಕೊಂಡರೆ ಸಾಲದು. ಹಳೆಯದರಿಂದ ಸಹಿ ಬಿದ್ದ ಕಾರ್ಡುಗಳು ಜನರ ಜೇಬಿನಲ್ಲಿ ಇನ್ನೂ ಇವೆ, ಒಂದರಲ್ಲಿ ತಾಳೆಯಾಗದಿದ್ದರೆ ಇನ್ನೊಂದರಲ್ಲಿ ನೋಡಬೇಕು. ಬಿಚ್ಚಿದ ಮಾಹಿತಿ 16 ಕಿಲೋಬೈಟ್ ದಾಟಿದರೆ ನನ್ನ ಕೋಡ್ ಅಲ್ಲೇ ಕೈಬಿಡುತ್ತದೆ. ಯಾರೋ ಕಿಡಿಗೇಡಿತನಕ್ಕೆ ಉಬ್ಬುವ ಜಿಜಿಪ್ ಮಾಡಿ ತಂದು ಹಿಡಿಯಬಹುದು.

ತೀರಾ ಹಳೆಯ ಕಾರ್ಡುಗಳ ಕಥೆ ಬೇರೆ. ಅವುಗಳ ಕ್ಯುಆರ್‌ನಲ್ಲಿ ಇರುವುದು ಬರೀ ಎಕ್ಸ್‌ಎಂಎಲ್, ಸಹಿಯಿಲ್ಲ, ಹನ್ನೆರಡೂ ಅಂಕಿ ಬಟಾಬಯಲು. ಸಾಲಿನ ಆರಂಭದಲ್ಲಿ ಎಕ್ಸ್‌ಎಂಎಲ್‌ನ ಗುರುತಾದ ಕೋನಾಕಾರದ ಆವರಣ ಚಿಹ್ನೆ (<) ಕಂಡ ಕೂಡಲೇ ನನ್ನ ಪ್ರೋಗ್ರಾಮ್ ಅದನ್ನು ಪಾರ್ಸ್ ಕೂಡ ಮಾಡದೆ, ಅಂದರೆ ಬಿಡಿಸಿ ಓದದೆ, ಮೆಮೊರಿಯಿಂದ ಎಸೆದು, 'ಹಳೇ ಕಾರ್ಡ್, ಕಣ್ಣಲ್ಲಿ ನೋಡಿ ಟೈಪ್ ಮಾಡಿ' ಎಂದು ತೋರಿಸುತ್ತದೆ. ವೋಟರ್ ಐಡಿ, ಡಿಎಲ್ ತಂದವರಿಗೂ ಇದೇ ದಾರಿ: ನೋಡಿ, ಕೊನೆಯ ನಾಲ್ಕು ಅಕ್ಷರ ಬರೆದುಕೊಂಡು ಕಾರ್ಡ್ ವಾಪಸ್.

ಸ್ಕ್ಯಾನರ್ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು, ನಾನು ಕಂಡ ಅತಿ ಕೆಟ್ಟ ಸೋರಿಕೆ ಅಲ್ಲಿಯದು. ಬರೀ ಗೆರೆ ಬಾರ್‌ಕೋಡ್ ಓದುವ ಅಂಗಡಿಯ ಗನ್ ಕ್ಯುಆರ್ ಓದುವುದಿಲ್ಲ, 2ಡಿ ಇಮೇಜರ್ ಬೇಕು, ಮೊಬೈಲ್ ಪರದೆಯಿಂದಲೂ ಓದುವಂಥದು. ಡಬ್ಬಿಯಿಂದ ತೆಗೆದಾಗ ಅದು ಕೀಬೋರ್ಡ್ ಮೋಡ್‌ನಲ್ಲಿರುತ್ತದೆ. ಅಂದರೆ ಓದಿದ್ದನ್ನು ಕೀಬೋರ್ಡಿನಂತೆ ಟೈಪ್ ಮಾಡಿ ಕೊನೆಗೆ ಎಂಟರ್ ಒತ್ತುತ್ತದೆ. ಎಲ್ಲಿಗೆ ಟೈಪ್ ಮಾಡುತ್ತದೆ? ಕರ್ಸರ್ ಎಲ್ಲಿದೆಯೋ ಅಲ್ಲಿಗೆ. ರಿಸೆಪ್ಷನ್ ಹುಡುಗ ಬ್ರೌಸರಿನಲ್ಲಿ ಕೆಆರ್‌ಎಸ್‌ಗೆ ಬಸ್ ಟೈಮಿಂಗ್ ಹುಡುಕುತ್ತ, ಕರ್ಸರನ್ನು ಅಡ್ರೆಸ್ ಬಾರ್‌ನಲ್ಲೇ ಬಿಟ್ಟು ಕಾರ್ಡ್ ಸ್ಕ್ಯಾನ್ ಮಾಡಿದ ಎಂದಿಟ್ಟುಕೊಳ್ಳಿ. ಗಿರಾಕಿಯ ಹೆಸರು, ವಿಳಾಸ, ಫೋಟೊ ಎಲ್ಲ ಅಡಗಿರುವ ಆ ಉದ್ದ ಸಂಖ್ಯೆ, ಎಂಟರ್ ಸಮೇತ, ಸರ್ಚ್ ಎಂಜಿನ್‌ಗೆ ಹೋಯಿತು. ಬ್ರೌಸರ್ ಹಿಸ್ಟರಿಯಲ್ಲೂ ಕೂತಿತು. ವಾಟ್ಸಾಪ್ ವೆಬ್ ತೆರೆದಿದ್ದರೆ ಚಾಟಿನಲ್ಲಿದ್ದವರಿಗೆ ಹೋಯಿತು.

ಇದಕ್ಕೆ ಮದ್ದು, ಸ್ಕ್ಯಾನರ್ ಜೊತೆ ಬರುವ ಪುಸ್ತಿಕೆಯಲ್ಲಿ ಯುಎಸ್‌ಬಿ ವರ್ಚುವಲ್ ಕಾಮ್ ಪೋರ್ಟ್ ಎಂಬ ಕೋಡ್ ಹುಡುಕಿ ಅದನ್ನೇ ಒಮ್ಮೆ ಸ್ಕ್ಯಾನ್ ಮಾಡುವುದು. ಆಮೇಲೆ ಅದು ಕೀಬೋರ್ಡ್ ಅಲ್ಲ, ಸೀರಿಯಲ್ ಪೋರ್ಟ್, ನನ್ನ ಪ್ರೋಗ್ರಾಮ್ ಒಂದಕ್ಕೇ ಕೇಳಿಸುತ್ತದೆ. ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಬರುವಂತೆಯೂ ಹೊಂದಿಸಿ, ಅದು ಸಿಗುವವರೆಗೆ ಓದುತ್ತಲೇ ಇರಬೇಕು. ಅರ್ಧ ಸೆಕೆಂಡ್ ಸುಮ್ಮನಾದರೆ ಮುಗಿಯಿತೆಂದು ಟೈಮ್‌ಔಟ್ ಇಟ್ಟರೆ ಅರ್ಧ ಸಂಖ್ಯೆ ಸಿಕ್ಕಿ ಜಿಜಿಪ್ ಎರರ್ ಬರುತ್ತದೆ, ನಾವು ಕಾರ್ಡಿನ ಪ್ರಿಂಟನ್ನು ಬೈಯುತ್ತೇವೆ. ಲ್ಯಾಮಿನೇಷನ್ ಹೊಳಪಿದ್ದರೆ ಕಾರ್ಡನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು.

ಸಹಿ ತಾಳೆಯಾದ ಮೇಲೆ ಪರದೆಯಲ್ಲಿ ಫೋಟೊ ಬರುತ್ತದೆ. ಇತರರ ಕಾರ್ಡಿನ ಕ್ಯುಆರ್ ತಂದರೂ ಸಹಿ ಸರಿಯಾಗಿಯೇ ಇರುತ್ತದಲ್ಲ, ಹಾಗಾಗಿ ಎದುರಿಗಿರುವ ಮುಖವನ್ನು ಮನುಷ್ಯನೇ ನೋಡಬೇಕು. ಕ್ರೋಮ್ ಜೆಪೆಗ್ 2000 ತೋರಿಸುವುದಿಲ್ಲ, ಆದ್ದರಿಂದ ಓಪನ್‌ಜೆಪೆಗ್ ಎಂಬ ಲೈಬ್ರರಿಯಿಂದ ಮೆಮೊರಿಯಲ್ಲೇ ಬದಲಿಸಿ ತೋರಿಸುತ್ತೇನೆ. ಡಿಸ್ಕಿಗೆ ಬರೆಯುವುದಿಲ್ಲ. 'ಮುಖ ನೋಡಿದೆ' ಬಟನ್ ಒತ್ತಿದ ಕೂಡಲೇ, ಒತ್ತದಿದ್ದರೆ 40 ಸೆಕೆಂಡಿನಲ್ಲಿ, ಮಾಯ.

ರಿಜಿಸ್ಟರಿನಲ್ಲಿ ಉಳಿಯುವುದು: ಹೆಸರು, ಊರು ಮತ್ತು ವಿಳಾಸ, ಫೋನ್, ಜೊತೆಯಲ್ಲಿ ಎಷ್ಟು ಜನ, ಎಲ್ಲಿಂದ ಬಂದರು, ಬಂದ ಹೋದ ಹೊತ್ತು, ಗುರುತಿನ ಚೀಟಿಯ ಬಗೆ, ಕೊನೆಯ ನಾಲ್ಕು, ಸಹಿ ತಾಳೆಯಾಯಿತೇ ಇಲ್ಲವೇ. ಹುಟ್ಟಿದ ದಿನದ ಬದಲು '18 ದಾಟಿದೆ' ಎಂಬ ಟಿಕ್. ವಿದೇಶಿಯರ ವಿಷಯದಲ್ಲಿ 24 ಗಂಟೆಯೊಳಗೆ ಸರ್ಕಾರದ ಪೋರ್ಟಲ್‌ಗೆ ವಿವರ ಹಾಕಬೇಕಾಗುತ್ತದೆ, ಅದು ಪಾಸ್‌ಪೋರ್ಟ್ ನೋಡಿ ನೇರವಾಗಿ ಅಲ್ಲೇ.

ಪೂರ್ತಿ ಸಂಖ್ಯೆ ಇಡಬೇಡಿ ಎಂದರೆ ಡೆವಲಪರ್‌ಗಳು ತಟ್ಟನೆ ಹೇಳುವುದು 'ಹ್ಯಾಶ್ ಮಾಡಿ ಇಟ್ಟರಾಯ್ತು'. ಹ್ಯಾಶ್ ಎಂದರೆ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ, ನೇರವಾಗಿ ಹಿಂದಕ್ಕೆ ತಿರುಗಿಸಲಾಗದ ಬೆರಳಚ್ಚು. ಆಗುವುದಿಲ್ಲ. ಆಧಾರ್ 12 ಅಂಕಿ, ಮೊದಲನೆಯದು ಸೊನ್ನೆ ಒಂದು ಆಗುವುದಿಲ್ಲ, ಕೊನೆಯದು ವೆರ್‌ಹೋಫ್ ಸೂತ್ರದ ತಾಳೆ ಅಂಕಿ. ಉಳಿದ ಸಾಧ್ಯತೆ 8000 ಕೋಟಿ. ಅಷ್ಟನ್ನೂ ಒಂದೊಂದಾಗಿ ಎಸ್‌ಎಚ್‌ಎ-256 ಹ್ಯಾಶ್ ಮಾಡಿ ಹೋಲಿಸಿ ನೋಡುವುದು ಒಳ್ಳೆಯ ಗೇಮಿಂಗ್ ಗ್ರಾಫಿಕ್ಸ್ ಕಾರ್ಡಿನ ಒಂದು ನಿಮಿಷದೊಳಗಿನ ಕೆಲಸ. ಅದೇ ಕಾರಣಕ್ಕೆ ಸ್ಕ್ಯಾನ್ ಆದ ಕಚ್ಚಾ ಸಾಲನ್ನೂ 'ಸಾಕ್ಷಿಗಿರಲಿ' ಎಂದು ಇಡಬಾರದು: ಅದರ ಬಾಲದಲ್ಲಿ ಮೊಬೈಲ್ ನಂಬರಿನ ಹ್ಯಾಶ್ ಇರಬಹುದು, ಹತ್ತಂಕಿಯ ನಂಬರನ್ನು ಅದರಿಂದ ಹೊರಗೆಳೆಯುವುದು ಇನ್ನೂ ಸಲೀಸು.

ಇಡುವುದಿಲ್ಲ ಎಂದು ತೀರ್ಮಾನಿಸಿದ್ದು ಹಿತ್ತಿಲ ಬಾಗಿಲಿನಿಂದ ಬಂದು ಕೂರುತ್ತದೆ. ನನ್ನ ಮೊದಲ ಆವೃತ್ತಿಯಲ್ಲಿ ಪಾರ್ಸ್ ಎರರ್ ಬಂದಾಗ ಫ್ರೇಮ್‌ವರ್ಕ್ ಇಡೀ ಇನ್‌ಪುಟ್ಟನ್ನು ಲಾಗ್ ಫೈಲಿಗೆ ಬರೆಯುತ್ತಿತ್ತು. ಸರಿಯಾಗಿ ಓದಿದ ಕಾರ್ಡುಗಳು ಸುರಕ್ಷಿತ, ಓದಲು ತೊಡರಿದವು ಮಾತ್ರ ಲಾಗ್‌ನಲ್ಲಿ ಭದ್ರ! ಈಗ ಲಾಗಿಗೆ ಹೋಗುವುದು ಸಾಲಿನ ಉದ್ದ ಮತ್ತು ಯಾವ ಹಂತದಲ್ಲಿ ಎಡವಿತು ಎಂಬುದಷ್ಟೆ. ಕ್ರ್ಯಾಶ್ ವರದಿ ಕಳಿಸುವ ಕ್ಲೌಡ್ ಸೇವೆಗಳು ವೇರಿಯಬಲ್‌ಗಳಲ್ಲಿರುವ ಮಾಹಿತಿಯನ್ನೂ ಕಟ್ಟಿಕೊಂಡು ಹೋಗುತ್ತವೆ, ಹಾಗಾಗಿ ಅವನ್ನು ಹಾಕಲೇ ಇಲ್ಲ.

ಅಳಿಸುವುದೂ ಅಂದುಕೊಂಡಷ್ಟು ಸುಲಭವಲ್ಲ. ಡೇಟಾಬೇಸ್ ಎಸ್‌ಕ್ಯುಲೈಟ್. ಅದರಲ್ಲಿ ಡಿಲೀಟ್ ಎಂದರೆ ಆ ಜಾಗ ಖಾಲಿ ಎಂದು ಗುರುತು ಬೀಳುತ್ತದೆ, ಅಕ್ಷರಗಳು ಫೈಲಿನಲ್ಲೇ ಇರುತ್ತವೆ. ಅಳಿಸಿದ ಜಾಗಕ್ಕೆ ಸೊನ್ನೆ ತುಂಬುವ ಸೆಕ್ಯೂರ್ ಡಿಲೀಟ್ ಪ್ರಾಗ್ಮಾ ಆನ್ ಮಾಡಿ, ಫೈಲನ್ನೇ ಹೊಸದಾಗಿ ಕಟ್ಟುವ ವ್ಯಾಕ್ಯೂಮನ್ನು ತಿಂಗಳಿಗೊಮ್ಮೆ ಓಡಿಸಿ, ಹೊಸ ಬರಹ ಮೊದಲು ಹೋಗಿ ಕೂರುವ ವಾಲ್ ಫೈಲನ್ನು ಚೆಕ್‌ಪಾಯಿಂಟ್ ಮಾಡಿ ಖಾಲಿ ಮಾಡಬೇಕು. ಇಷ್ಟಾದರೂ ಎಸ್‌ಎಸ್‌ಡಿ ತನ್ನ ಹಳೆಯ ಬ್ಲಾಕ್‌ಗಳನ್ನು ನಮಗೆ ಕಾಣದಂತೆ ಇಟ್ಟುಕೊಂಡಿರುತ್ತದೆ. ಅದಕ್ಕೇ ಮೊದಲ ದಿನವೇ ಇಡೀ ಡಿಸ್ಕನ್ನು ಲಿನಕ್ಸ್‌ನಲ್ಲಿರುವ ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ್ದು. ಕರೆಂಟ್ ಹೋಗಿ ಬಂದರೆ ಮ್ಯಾನೇಜರ್ ಪಾಸ್‌ಫ್ರೇಸ್ ಹಾಕಬೇಕಾಗುತ್ತದೆ. ಮಾನಿಟರ್ ಮೇಲೆ ಚೀಟಿ ಅಂಟುವ ಮೊದಲು ಒಂದು ಯುಪಿಎಸ್ ಕೊಡಿಸುವುದು ಲೇಸು. ಬ್ಯಾಕಪ್ ರೆಸ್ಟಿಕ್ ಎಂಬ ಪ್ರೋಗ್ರಾಮಿನಿಂದ ಎರಡು ಪೆನ್‌ಡ್ರೈವ್‌ಗೆ, ಅದೂ ಎನ್‌ಕ್ರಿಪ್ಟ್ ಆಗಿ. 30 ದಿನಕ್ಕಿಂತ ಹಳೆಯ ಬ್ಯಾಕಪ್ ತೆಗೆಯಲು ಅದರ ಫರ್ಗೆಟ್ ಕಮಾಂಡ್ ಒಂದೇ ಕೊಟ್ಟರೆ ಪಟ್ಟಿಯಿಂದ ಹೋಗುತ್ತದೆ, ಡೇಟಾ ಹೋಗುವುದಿಲ್ಲ. ಜೊತೆಗೆ ಪ್ರೂನ್ ಬೇಕು.

ಎಷ್ಟು ದಿನ ಇಡಬೇಕು? ನನ್ನ ಮನಸ್ಸಿನಲ್ಲಿದ್ದದ್ದು 90 ದಿನ. 2023ರ ಡೇಟಾ ಸಂರಕ್ಷಣೆ ಕಾಯ್ದೆಗೆ 2025ರ ನವೆಂಬರಿನಲ್ಲಿ ಬಂದ ನಿಯಮಗಳು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತವೆ, ಸರ್ಕಾರ ಕೇಳಿದರೆ ಇರಲಿ ಎಂಬ ಉದ್ದೇಶಕ್ಕೆ. ಆ ಭಾಗ ಜಾರಿಗೆ ಬರಲು 18 ತಿಂಗಳ ಗಡುವಿದೆ. ಖಾಸಗಿತನದ ಕಾಯ್ದೆಯೊಳಗೇ ಇಟ್ಟುಕೊಳ್ಳಿ ಎಂಬ ಆದೇಶ ಕಂಡು ನನಗೆ ಸಿಟ್ಟು ಬಂದದ್ದು ನಿಜ, ಆದರೂ ಅವಧಿಯನ್ನು 365 ದಿನಕ್ಕೇ ಹೊಂದಿಸಿದ್ದೇನೆ. ಬಿಲ್ಲಿನ ಟೇಬಲ್ ಪೂರ್ತಿ ಬೇರೆ. ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇರಬೇಕು, ಅದರಲ್ಲಿ ಗುರುತಿನ ಚೀಟಿಯ ಸುದ್ದಿಯೇ ಇಲ್ಲ. ಎರಡನ್ನೂ ಒಂದೇ ಟೇಬಲ್‌ನಲ್ಲಿ ಕಲಸಿದರೆ ಬಿಲ್ಲಿನ ನೆಪದಲ್ಲಿ ಎಲ್ಲವೂ ಆರು ವರ್ಷ ಉಳಿಯುತ್ತದೆ.

ಠಾಣೆಯವರು ಬಂದಾಗಿನ ಪುಟಕ್ಕೆ ಕೋಡ್ ಕಡಿಮೆ, ತಲೆಕೆಡಿಸಿಕೊಂಡದ್ದು ಜಾಸ್ತಿ. ದಸರೆಯ ಹೊತ್ತಿನಲ್ಲಿ ಬೀಟ್ ಪೊಲೀಸರು ಬಂದು ರಿಜಿಸ್ಟರ್ ನೋಡುವುದು ಮಾಮೂಲು. 'ಬನ್ನಿ ಸಾರ್, ನೋಡಿ' ಎಂದು ಆ ದಿನದ ಪಟ್ಟಿಯನ್ನು ಪರದೆಯಲ್ಲಿ ತೋರಿಸಬಹುದು. ಪ್ರತಿ ಬೇಕೆಂದರೆ ತಾರೀಕು ಮತ್ತು ರೂಮ್ ನಂಬರ್ ಹಾಕಲೇಬೇಕು, 'ಎಲ್ಲವೂ' ಎಂಬ ಆಯ್ಕೆಯನ್ನೇ ನಾನು ಬರೆದಿಲ್ಲ. ಲಿಖಿತ ನೋಟಿಸಿನ ನಂಬರ್‌ಗೆ ಒಂದು ಕಾಲಂ ಇದೆ. ದಾಖಲೆ ಹಾಜರುಪಡಿಸಿ ಎಂದು ಕೇಳುವ ಹಳೆಯ ಸಿಆರ್‌ಪಿಸಿ 91ನೇ ಕಲಮಿನ ಜಾಗದಲ್ಲಿ ಈಗಿರುವುದು ಬಿಎನ್‌ಎಸ್‌ಎಸ್ 94. ಹೊರಬರುವ ಪಿಡಿಎಫ್ ಜೊತೆ ಅದರ ಎಸ್‌ಎಚ್‌ಎ-256 ಹ್ಯಾಶೂ ಅಚ್ಚಾಗುತ್ತದೆ, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಸರ್ಟಿಫಿಕೇಟ್‌ನಲ್ಲಿ ಹ್ಯಾಶ್ ಬರೆಯಲು ಜಾಗವಿದೆ. ವಾಟ್ಸಾಪಿನಲ್ಲಿ ಪುಟದ ಫೋಟೊ ಹೊಡೆದು ಕಳಿಸುವುದಕ್ಕಿಂತ ಇದು ತನಿಖೆಗೂ ಗಟ್ಟಿ, ಆ ರಾತ್ರಿ ಪಕ್ಕದ ರೂಮಿನಲ್ಲಿ ಸುಮ್ಮನೆ ಮಲಗಿದ್ದವರಿಗೂ ಕ್ಷೇಮ. ಯಾರು ಯಾವ ಹೆಸರು ಹುಡುಕಿದರು ಎಂಬುದೂ ದಾಖಲಾಗುತ್ತದೆ, ಸಿಬ್ಬಂದಿಯದೂ ಸೇರಿ.

ಕೌಂಟರಿನ ಮೇಲಿನ ಸೂಚನೆ ಕನ್ನಡದಲ್ಲಿ ನಾಲ್ಕೇ ಸಾಲು: 'ನಿಮ್ಮ ಕಾರ್ಡಿನ ಕ್ಯುಆರ್ ಓದಿ ವಾಪಸ್ ಕೊಡುತ್ತೇವೆ. ಫೋಟೊ, ಪೂರ್ತಿ ನಂಬರ್ ಇಟ್ಟುಕೊಳ್ಳುವುದಿಲ್ಲ. ಹೆಸರು, ವಿಳಾಸ, ಫೋನ್ ಒಂದು ವರ್ಷ ಇರುತ್ತದೆ. ತಪ್ಪಿದ್ದರೆ ಹೇಳಿ, ಈಗಲೇ ತಿದ್ದುತ್ತೇವೆ.'

ಹೊಸ ವ್ಯವಸ್ಥೆ ಶುರುವಾದ ಮೇಲೂ ಫೋನಿನಲ್ಲಿ ಬುಕ್ ಮಾಡುವವರು ಆಧಾರ್ ಫೋಟೊವನ್ನು ವಾಟ್ಸಾಪ್ ಮಾಡುತ್ತಲೇ ಇರುತ್ತಾರೆ. ಲಾಡ್ಜಿನ ಫೋನಿನಲ್ಲಿ ಮೀಡಿಯಾ ಆಟೊ ಡೌನ್‌ಲೋಡ್, ಗ್ಯಾಲರಿಯಲ್ಲಿ ತೋರಿಸುವ ಸೆಟ್ಟಿಂಗ್, ಫೋಟೊ ಬ್ಯಾಕಪ್ ಮೂರನ್ನೂ ಆಫ್ ಮಾಡಬೇಕು. 'ಬಂದಾಗ ತೋರಿಸಿದರೆ ಸಾಕು' ಎಂಬ ಉತ್ತರವನ್ನು ಕ್ವಿಕ್ ರಿಪ್ಲೈ ಆಗಿ ಹಾಕಿಟ್ಟರೆ ಹುಡುಗರಿಗೆ ಟೈಪ್ ಮಾಡುವ ಕೆಲಸ ತಪ್ಪುತ್ತದೆ.

ಇನ್ನು ಮೆಟ್ಟಿಲ ಕೆಳಗಿನ ಹಳೇ ಫೈಲುಗಳು. ಉದ್ದ ಪಟ್ಟಿಯಾಗಿ ಕತ್ತರಿಸುವ ಶ್ರೆಡ್ಡರ್ ಬೇಡ, ಹಾಳೆ ಅಡ್ಡಲಾಗಿ ಹೋದರೆ ನಂಬರಿನ ಸಾಲು ಒಂದೇ ಪಟ್ಟಿಯಲ್ಲಿ ಇಡಿಯಾಗಿ ಉಳಿಯುತ್ತದೆ. ಕ್ರಾಸ್‌ಕಟ್ ಬೇಕು. ಸಣ್ಣ ಯಂತ್ರ ಕೆಲವೇ ನಿಮಿಷಕ್ಕೆ ಕಾದು ನಿಲ್ಲುತ್ತದೆ, ಐದೈದು ಹಾಳೆಯಂತೆ ಕೊಟ್ಟು ನಡುವೆ ಆರಲು ಬಿಡಬೇಕು. ಸ್ಟೇಪ್ಲರ್ ಪಿನ್ ಕೀಳುವುದೇ ಅರ್ಧ ಕೆಲಸ. ಶ್ರೆಡ್ಡರ್ ಇಲ್ಲದಿದ್ದರೆ ಡ್ರಮ್ಮಿನಲ್ಲಿ ಎರಡು ದಿನ ನೆನೆಹಾಕಿ ಕೋಲಿನಿಂದ ಕಲಸಿ ಮುದ್ದೆ ಮಾಡಿ. ಜೆರಾಕ್ಸಿನ ಟೋನರ್ ನೀರಿಗೆ ಕರಗುವುದಿಲ್ಲ, ಹಾಗಾಗಿ ಬರೀ ನೆನೆಸಿ ಬಿಟ್ಟರೆ ಒಣಗಿದ ಮೇಲೆ ಹೆಸರು, ನಂಬರು ಚೆನ್ನಾಗಿಯೇ ಓದಿಸಿಕೊಳ್ಳುತ್ತವೆ.