ಉಳ್ಳಾಗಡ್ಡಿಯಿಂದ ಶುರುವಾಗಲಿ ತರಗತಿಯ ನೆಂಟಸ್ತನ

ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಹೊಸ ಮಕ್ಕಳು ಜೂನ್‌ನಲ್ಲಿ ಮಾತ್ರ ಬರುವುದಿಲ್ಲ. ಪಕ್ಕದ ಬೀದಿಯಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆದರೆ ಸಾಕು, ದಸರೆ ರಜೆ ಮುಗಿದ ಮೇಲೂ ಯಾದಗಿರಿಯದೋ ಬಿಹಾರದ್ದೋ ಮಗುವೊಂದು ಬಾಗಿಲಲ್ಲಿ ನಿಂತಿರುತ್ತದೆ. ಅದನ್ನು ನಮ್ಮ ತರಗತಿಯ ಮಗುವಾಗಿಸಿಕೊಳ್ಳುವುದು ಹೇಗೆ?

ಮೊದಲು ಕಾಗದಪತ್ರದ ಮಾತು ಮುಗಿಸಿ. ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆ ಚರ್ಚೆ ಮಕ್ಕಳ ಎದುರು ಬೇಡ.

ಹಾಜರಿ ಕೂಗುವ ಮೊದಲು, ಮನೆಯಲ್ಲಿ ಏನೆಂದು ಕರೆಯುತ್ತಾರೆ ಎಂದು ಮಗುವನ್ನೇ ಕೇಳಿ. ನಾಲಿಗೆ ಹೊರಳದಿದ್ದರೆ ಮೇಷ್ಟರೇ ನಾಲ್ಕು ಸಲ ಹೇಳಿ ಕಲಿಯಲಿ. ‘ಏ ಬಿಹಾರಿ’ ಎಂಬುದು ಹೆಸರಲ್ಲ.

ಒಬ್ಬ ಜೊತೆಗಾರನನ್ನು ಕೊಡಿ. ತರಗತಿಯ ಲೀಡರ್ ಬೇಡ, ಅವನಿಗೆ ಅಧಿಕಾರದ ರುಚಿ ಹತ್ತಿರುತ್ತದೆ. ಕಳೆದ ವರ್ಷ ಹೀಗೆಯೇ ನಡುವೆ ಬಂದು ಸೇರಿದ ಮಗುವೇ ಸರಿ. ಶೌಚಾಲಯ ಎಲ್ಲಿದೆ ಎಂದು ಕೇಳಲು ನಾಚುವ ಸಂಕಟ ಅದಕ್ಕೆ ನೆನಪಿರುತ್ತದೆ.

ಕಷ್ಟ ಇರುವುದು ಮಾತಿನಲ್ಲಿ. ಹಿಂದಿ ಮಗುವನ್ನಷ್ಟೇ ಅಲ್ಲ, ರಾಯಚೂರಿನ ಕನ್ನಡವನ್ನೂ ನಮ್ಮ ಮಕ್ಕಳು ಆಡಿಕೊಂಡು ನಗುತ್ತಾರೆ. ಗದರಿಸಿದರೆ ನಗು ಮೈದಾನಕ್ಕೆ ಹೋಗುತ್ತದೆ, ನಿಲ್ಲುವುದಿಲ್ಲ. ಬದಲಿಗೆ ಒಂದು ಈರುಳ್ಳಿ ತನ್ನಿ. ನಿಮ್ಮ ಮನೆಯಲ್ಲಿ ಇದಕ್ಕೇನು ಹೇಳುತ್ತಾರೆ ಎಂದು ಒಬ್ಬೊಬ್ಬರನ್ನೇ ಕೇಳಿ: ಉಳ್ಳಾಗಡ್ಡಿ, ಉಲ್ಲಿಪಾಯ, ವೆಂಗಾಯಂ, ಪ್ಯಾಜ್, ಕಾಂದಾ. ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ದೊಡ್ಡ ಹಾಳೆಯ ಮೇಲೆ ಬರೆಸಿ, ಗೋಡೆಗೆ ಅಂಟಿಸಿ. ಉಳ್ಳಾಗಡ್ಡಿಗೂ ತೆಲುಗಿನ ಉಲ್ಲಿಪಾಯಕ್ಕೂ ನಂಟಿರುವುದನ್ನು ನೀವು ಹೇಳಬೇಡಿ, ಅವರೇ ಕಂಡುಹಿಡಿಯಲಿ. ಮರುದಿನ ನೀರು, ಅದರ ಮರುದಿನ ಅಜ್ಜಿ. ಕನ್ನಡ ಕಲಿಸುವ ಹೊತ್ತು ಇದರಿಂದ ಹಾಳಾಗುವುದಿಲ್ಲ. ತನ್ನ ಪದಕ್ಕೆ ಗೋಡೆಯಲ್ಲಿ ಜಾಗ ಸಿಕ್ಕ ಮಗು ಪಕ್ಕದ ಕನ್ನಡ ಪದವನ್ನೂ ಓದುತ್ತದೆ.

ಒಂದರಿಂದ ಮೂರನೇ ತರಗತಿಯ ‘ನಲಿ–ಕಲಿ’ ಎಂಬ ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ಗುಂಪಾಗಿ ಕೂರುವುದರಿಂದ ಬೆರೆಯುವುದು ಸುಲಭ. ಮೇಲಿನ ತರಗತಿಗಳಲ್ಲಿ ಬೆಂಚಿಗೆ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಪ್ರತಿ ಸೋಮವಾರ ಚೀಟಿ ಎತ್ತಿ ಜಾಗ ಬದಲಿಸಿ. ಬಿಸಿಯೂಟದ ಸಾಲಿನಲ್ಲಿ ಆಗಾಗ ಶಿಕ್ಷಕರೂ ತಟ್ಟೆ ಹಿಡಿದು ಕೂರಲಿ; ಯಾರ ಪಕ್ಕ ಯಾರೂ ಕೂರುತ್ತಿಲ್ಲ ಎಂಬುದು ಅಲ್ಲಿ ಕಾಣುವಷ್ಟು ತರಗತಿಯಲ್ಲಿ ಕಾಣುವುದಿಲ್ಲ.

ಕಟ್ಟಡ ಮುಗಿದ ಮೇಲೆ ಆ ಕುಟುಂಬ ಹೊರಡುತ್ತದೆ. ಆಗ ಟಿ.ಸಿ.ಯನ್ನು ತಡಮಾಡದೆ ಕೊಡಿ. ಗೋಡೆಯ ಹಾಳೆಯನ್ನು ಮಾತ್ರ ತೆಗೆಯಬೇಡಿ.