ಸಕ್ಕರೆ ಕಾಯಿಲೆ, ಡಿಎನ್‌ಎ ಹಾನಿ: ಈ ದಾರಿಯಲ್ಲಿ ಪಿಎಚ್‌ಡಿ ಮಾಡುವುದು ಹೇಗೆ?

ಎಂ.ಎಸ್‌ಸಿ ಬಯೋಕೆಮಿಸ್ಟ್ರಿ ಮುಗಿಸಿದ ಹೆಚ್ಚಿನವರು "ಡಯಾಬಿಟಿಸ್ ಮೇಲೆ ಕೆಲಸ ಮಾಡಬೇಕು" ಅಂತಲೋ "ಕ್ಯಾನ್ಸರ್ ಮೇಲೆ" ಅಂತಲೋ ಹೇಳುತ್ತಾರೆ. ಅಷ್ಟು ಸಾಲದು. ಒಂದು ಅಣು, ಅದು ಮಾಡುವ ಒಂದು ಹಾನಿ, ಆ ಹಾನಿಯನ್ನು ಅಳೆಯುವ ಒಂದು ವಿಧಾನ, ಈ ಮೂರನ್ನು ಮೊದಲು ಗೊತ್ತು ಮಾಡಿಕೊಳ್ಳಿ.

ಎರಡೂ ಕಾಯಿಲೆಗಳನ್ನು ಮುಟ್ಟುವ ಆಸೆ ಇದ್ದರೆ ಮೀಥೈಲ್‌ಗ್ಲೈಆಕ್ಸಾಲ್ ಬಗ್ಗೆ ಓದಿ. ಗ್ಲೂಕೋಸ್ ಒಡೆಯುವಾಗ ಜೀವಕೋಶದೊಳಗೇ ಹುಟ್ಟುವ ಪುಟ್ಟ ಅಣು ಇದು, ಪ್ರೋಟೀನ್‌ಗೂ ಅಂಟುತ್ತದೆ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ಗೂ ಅಂಟುತ್ತದೆ. ಸಕ್ಕರೆಗೂ ಪ್ರೋಟೀನಿನ ಘಟಕವಾದ ಅಮೈನೊ ಆಮ್ಲಕ್ಕೂ ನಡುವೆ ನಡೆಯುವ ಇಂಥದೇ ರಸಾಯನವನ್ನು ಫ್ರಾನ್ಸಿನ ಮೈಯಾರ್ 1912ರಲ್ಲೇ ವಿವರಿಸಿದ್ದರು (ದೋಸೆ ಕೆಂಪಗಾಗುವುದೂ ಇದರಿಂದಲೇ). 1960ರ ದಶಕದ ಕೊನೆಯಲ್ಲಿ ಇರಾನಿನ ಸ್ಯಾಮ್ಯುಯೆಲ್ ರಹಬಾರ್ ಡಯಾಬಿಟಿಸ್ ಇದ್ದವರ ರಕ್ತದಲ್ಲಿ ಒಂದು ಬಗೆಯ ಹಿಮೋಗ್ಲೋಬಿನ್ ಜಾಸ್ತಿ ಇರುವುದನ್ನು ಗಮನಿಸಿದರು. ಈಗ ಲ್ಯಾಬ್ ರಿಪೋರ್ಟಿನಲ್ಲಿ ಕಾಣುವ ಎಚ್‌ಬಿಎ1ಸಿ, ಅಂದರೆ ಸಕ್ಕರೆ ಅಂಟಿದ ಹಿಮೋಗ್ಲೋಬಿನ್, ಅದೇ.

ಕ್ಯಾನ್ಸರ್ ಕಡೆಗೆ ಅಫ್ಲಾಟಾಕ್ಸಿನ್ ಕಥೆ ಓದಿ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿರುವ ಈ ವಿಷ ಲಿವರ್‌ನಲ್ಲಿ ಎಪಾಕ್ಸೈಡ್ ಎಂಬ ಚುರುಕು ರೂಪ ತಾಳಿ ಗ್ವಾನಿನ್‌ಗೆ ಅಂಟುತ್ತದೆ, ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನ್‌ನ 249ನೇ ಕೋಡಾನ್‌ನಲ್ಲಿ (ಮೂರಕ್ಷರದ ಸಂಕೇತದಲ್ಲಿ) ತನ್ನ ಗುರುತು ಬಿಡುತ್ತದೆ. ಅಣುವಿನಿಂದ ಗಡ್ಡೆಯವರೆಗೆ ಇಷ್ಟು ಸ್ಪಷ್ಟವಾಗಿ ಹೆಜ್ಜೆ ಸಿಗುವ ಕಥೆ ಈ ಕ್ಷೇತ್ರದಲ್ಲಿ ಕಡಿಮೆ.

ಫೆಲೋಶಿಪ್ ದುಡ್ಡಿಗೆ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಲೈಫ್ ಸೈನ್ಸಸ್ ಇದೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಬೆಟ್ ಪರೀಕ್ಷೆ ಇದೆ. ಎರಡನ್ನೂ ಬರೆಯಿರಿ, ಓದುವುದು ಹೆಚ್ಚುಕಮ್ಮಿ ಒಂದೇ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಮೊತ್ತವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಿದರು. ಬೆಂಗಳೂರಿನ ಐಐಎಸ್‌ಸಿ, ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ, ಡಯಾಬಿಟಿಸ್‌ನಿಂದ ಬರುವ ಕಣ್ಣಿನ ಪೊರೆ ಮೇಲೆ ಕೆಲಸ ಮಾಡಿರುವ ಹೈದರಾಬಾದಿನ ಪೋಷಣೆ ಸಂಸ್ಥೆ ಎನ್‌ಐಎನ್, ಕ್ಯಾನ್ಸರ್‌ಗೆ ನವಿ ಮುಂಬೈನ ಟಾಟಾ ಮೆಮೋರಿಯಲ್‌ನ ಸಂಶೋಧನಾ ಕೇಂದ್ರ ಆಕ್ಟ್ರೆಕ್, ಇವನ್ನೆಲ್ಲ ನೋಡಿ. ಆದರೆ ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ. ಅವರ ಇತ್ತೀಚಿನ ಪೇಪರ್‌ಗಳಲ್ಲಿ ಮೆಥಡ್ಸ್ ಭಾಗ ಮಾತ್ರ ಓದಿ, ಅಲ್ಲಿ ಏನನ್ನು ನಿಜಕ್ಕೂ ಅಳೆಯುತ್ತಾರೆ ಅಂತ ಗೊತ್ತಾಗುತ್ತದೆ.

ಈಗ ಎಲ್ಲರೂ ಮುಗ್ಗರಿಸುವ ಜಾಗ. ಇಲಿಗೆ ಡಯಾಬಿಟಿಸ್ ಬರಿಸಲು ಸಾಮಾನ್ಯವಾಗಿ ಸ್ಟ್ರೆಪ್ಟೋಜೋಟೋಸಿನ್ ಕೊಡುತ್ತಾರೆ. ಅದು ಗ್ಲೂಕೋಸ್ ಒಳಬಿಡುವ ಗ್ಲುಟ್2 ಎಂಬ ಪ್ರೋಟೀನ್ ಬಾಗಿಲಿನಿಂದ ಇನ್ಸುಲಿನ್ ತಯಾರಿಸುವ ಬೀಟಾ ಕೋಶದೊಳಗೆ ನುಗ್ಗಿ ಡಿಎನ್‌ಎಗೆ ಮೀಥೈಲ್ ಗುಂಪು ಅಂಟಿಸುತ್ತದೆ, ಕೋಶ ಸಾಯುತ್ತದೆ. ಅಂದರೆ ಈ ಔಷಧವೇ ಡಿಎನ್‌ಎ ಹಾಳು ಮಾಡುವಂಥದ್ದು! ಗ್ಲುಟ್2 ಲಿವರ್‌ನಲ್ಲೂ ಇದೆ, ಕಿಡ್ನಿಯಲ್ಲೂ ಇದೆ. ಹಾಗಾಗಿ ಕಿಡ್ನಿಯಲ್ಲಿ ಡಿಎನ್‌ಎ ಹಾನಿ ಕಂಡರೆ ಅದು ಸಕ್ಕರೆಯ ಕೆಲಸವೋ ಇಂಜೆಕ್ಷನ್‌ನ ಕೆಲಸವೋ? ಔಷಧ ಕೊಟ್ಟು, ಆಮೇಲೆ ಇನ್ಸುಲಿನ್‌ನಿಂದ ಸಕ್ಕರೆ ಹತೋಟಿಯಲ್ಲಿಟ್ಟ ಇಲಿಗಳ ಗುಂಪೊಂದು ಇಲ್ಲದಿದ್ದರೆ ಉತ್ತರ ಸಿಗುವುದಿಲ್ಲ, ಜೊತೆಗೆ ಔಷಧವಿಲ್ಲದೆಯೇ ಡಯಾಬಿಟಿಸ್ ಬರುವ ಡಿಬಿ/ಡಿಬಿ ಮೌಸ್‌ನಂಥ (ಜೀನ್ ದೋಷವಿರುವ ಚಿಕ್ಕ ಇಲಿ) ಮಾದರಿಯಲ್ಲೂ ಒಮ್ಮೆ ನೋಡಿದರೆ ವೈವಾದಲ್ಲಿ ಯಾರೂ ಕೆಣಕಲಾರರು. ಈ ಗುಂಪುಗಳನ್ನು ಪ್ರಾಣಿ ನೈತಿಕ ಸಮಿತಿಗೆ ಕೊಡುವ ಅರ್ಜಿಯಲ್ಲೇ ಸೇರಿಸಿ. ನಡುವೆ ಇಲಿ ಸಂಖ್ಯೆ ಹೆಚ್ಚಿಸಬೇಕೆಂದರೆ ಮತ್ತೆ ಅನುಮತಿ, ಮತ್ತೆ ಕಾಯುವುದು.

ಮುಗ್ಗರಿಸುವ ಎರಡನೆಯ ಜಾಗ 8-ಆಕ್ಸೊ-ಗ್ವಾನಿನ್, ಅಂದರೆ ಆಕ್ಸಿಜನ್‌ನಿಂದ ಕೆಟ್ಟ ಗ್ವಾನಿನ್. ಡಿಎನ್‌ಎ ಹಾನಿಯ ಗುರುತಾಗಿ ಇದನ್ನು ಅಳೆಯುತ್ತಾರೆ. ಡಿಎನ್‌ಎ ಬೇರ್ಪಡಿಸುವಾಗಲೇ ಗಾಳಿಯ ಆಕ್ಸಿಜನ್ ತಗುಲಿ ಅದು ಹೊಸದಾಗಿ ಹುಟ್ಟುತ್ತದೆ. ಯುರೋಪಿನ ಲ್ಯಾಬ್‌ಗಳು ಸೇರಿ ಒಂದೇ ಮಾದರಿಯನ್ನು ಅಳೆದಾಗ ಅಂಕಿಗಳು ಎಲ್ಲೆಲ್ಲಿಗೋ ಹೋದವು. ಡಿಎನ್‌ಎ ಬೇರ್ಪಡಿಸಲು ಫೀನಾಲ್ ಬಳಸಬೇಡಿ, ತಣ್ಣಗೆ ಕೆಲಸ ಮಾಡಿ, ಬಫರ್‌ಗೆ ಕಬ್ಬಿಣ ಹಿಡಿದಿಡುವ ಡೆಸ್ಫೆರಾಕ್ಸಮಿನ್ ಹಾಕಿ. ಸುಮ್ನೆ ಕಿಟ್ ತಂದು ಬಂದ ಅಂಕಿ ಬರೆದುಕೊಳ್ಳಬೇಡಿ.

ಇಂಥ ಅಣುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇಲ್ಲವಾ? ಕಾಮೆಟ್ ಅಸ್ಸೇ ಕಲಿಯಿರಿ, ಇದರಲ್ಲಿ ತುಂಡಾದ ಡಿಎನ್‌ಎ ಧೂಮಕೇತುವಿನ ಬಾಲದಂತೆ ಕೋಶದಿಂದ ಹೊರಬರುತ್ತದೆ. ಎನ್.ಪಿ. ಸಿಂಗ್ ಮತ್ತು ಜೊತೆಗಾರರು 1988ರಲ್ಲಿ ರೂಪಿಸಿದ ಕ್ಷಾರ ವಿಧಾನಕ್ಕೆ ಅಗರೋಸ್, ಎಲೆಕ್ಟ್ರೋಫೊರೆಸಿಸ್ ತೊಟ್ಟಿ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇದ್ದರೆ ಸಾಕು. ಸ್ಲೈಡ್ ಎಣಿಸುವ ಮುಂಚೆ ಲೇಬಲ್ ಮೇಲೆ ಬೇರೆಯವರಿಂದ ಗುಪ್ತ ನಂಬರ್ ಹಾಕಿಸಿ. ಯಾವುದು ಡಯಾಬಿಟಿಸ್ ಇಲಿಯದು ಅಂತ ಗೊತ್ತಿದ್ದರೆ ಬಾಲ ಉದ್ದವಾಗಿಯೇ ಕಾಣುತ್ತದೆ, ಅಲ್ವಾ?