ಕಿರ್ಗಿಸ್ತಾನದ ದಾರಿಯಲ್ಲಿ ಕಾಣೆಯಾದ ಚಿಪ್‌ಗಳು: ನಾನು ಲೆಕ್ಕ ಹಿಡಿದ ಬಗೆ

"ಮಿರರ್ ಡೇಟಾ ಬರೀ ಕಸ, ಅದರಿಂದ ನಿರ್ಬಂಧ ತಪ್ಪಿಸಿದ್ದನ್ನು ಹಿಡಿಯೋಕಾಗಲ್ಲ." ಪೋಸ್ಟ್‌ಡಾಕ್ ಸೇರಿದ ಹೊಸದರಲ್ಲಿ ಇದನ್ನು ಎಷ್ಟು ಜನರಿಂದ ಕೇಳಿದೆನೋ. ಒಂದೆರಡು ಕಡೆ ಪೇಪರ್ ವಾಪಸ್ ಬಂದದ್ದೂ ಇದೇ ಕಾರಣಕ್ಕೆ. ಮಿರರ್ ಡೇಟಾ ಅಂದರೆ ಒಂದೇ ವ್ಯಾಪಾರದ ಬಗ್ಗೆ ಕಳಿಸಿದ ದೇಶ, ತರಿಸಿದ ದೇಶ ಎರಡೂ ಬರೆದಿಟ್ಟ ಲೆಕ್ಕ. ಈಗ ಒಪ್ಪಿಗೆ ಸಿಕ್ಕಿದೆ. ಸ್ವಲ್ಪ ಬೀಗುತ್ತೇನೆ, ತಡೆದುಕೊಳ್ಳಿ.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ, ನಿರ್ಬಂಧದಿಂದಾಗಿ ರಷ್ಯಾಕ್ಕೆ ಹೋಗಬಾರದ ಸರಕು ಅಕ್ಕಪಕ್ಕದ ದೇಶಗಳ ಮೂಲಕ ಎಷ್ಟು ಹೋಯಿತು ಅನ್ನೋದು ನನ್ನ ಪ್ರಶ್ನೆ. ರಷ್ಯಾ ಆ ಏಪ್ರಿಲ್‌ನಲ್ಲೇ ಕಸ್ಟಮ್ಸ್ ಅಂಕಿ ಕೊಡುವುದನ್ನು ನಿಲ್ಲಿಸಿತು. ನಿರ್ಬಂಧಗಳನ್ನು ಪಟ್ಟಿ ಮಾಡಿಟ್ಟ ಜಿಎಸ್‌ಡಿಬಿ, ಟೈಸ್ ಡೇಟಾಬೇಸ್‌ಗಳು ಇಲ್ಲಿ ಉಪಯೋಗಕ್ಕೆ ಬರಲ್ಲ. ಯಾರು ಯಾರ ಮೇಲೆ ಯಾವಾಗ ಎಂಥ ನಿರ್ಬಂಧ ಹೇರಿದರು ಅಂತ ಹೇಳುತ್ತವೆ, ಯಾವ ಸರಕು ಅಂತ ಹೇಳಲ್ಲ.

ರಷ್ಯಾದ ಆಮದಿನ ಒಂದೊಂದು ಡಿಕ್ಲರೇಶನ್ ಸಮೇತ ಮಾರುವ ಖಾಸಗಿಯವರಿದ್ದಾರೆ. ಒಬ್ಬರನ್ನು ಬೆಲೆ ಕೇಳಿದೆ. ನನ್ನ ವರ್ಷದ ಸಂಬಳದ ಅರ್ಧಕ್ಕೂ ಜಾಸ್ತಿ ಹೇಳಿದರು. ಪ್ರೊಫೆಸರ್ ಆ ಇಮೇಲ್ ಓದಿ ನಕ್ಕರು, ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ಪುಕ್ಕಟೆ ಸಿಗುವ ವ್ಯಾಪಾರದ ಅಂಕಿಗಳು: ಯುಎನ್ ಕಾಮ್‌ಟ್ರೇಡ್ ಮತ್ತು ಯುರೋಪ್ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್‌ನ ಕಾಮೆಕ್ಸ್ಟ್. ಸರ್ವರ್ ಬಾಡಿಗೆ ತಿಂಗಳಿಗೆ ಸುಮಾರು 60 ಯೂರೋ. ಮೊದಲ ವರ್ಷ ಅದನ್ನೂ ಕೈಯಿಂದಲೇ ಹಾಕಿದೆ.

ಮೊದಲ ತಲೆನೋವು ಎಚ್‌ಎಸ್ 2022, ಅಂದರೆ ಕಸ್ಟಮ್ಸ್‌ನವರು ಸರಕಿಗೆ ಕೊಡುವ ಕೋಡ್‌ಗಳ ಹೊಸ ಆವೃತ್ತಿ. ಯುದ್ಧಕ್ಕೆ ಎರಡು ತಿಂಗಳ ಮುಂಚೆ, ಜನವರಿ 1ಕ್ಕೆ, ಕೋಡ್‌ಗಳೇ ಬದಲಾದವು. ಸ್ಮಾರ್ಟ್‌ಫೋನ್ 8517.12ರಲ್ಲಿದ್ದದ್ದು 8517.13ಕ್ಕೆ ಹೋಯಿತು. ಡ್ರೋನ್‌ಗೆ 8806 ಅಂತ ಹೊಸ ಮನೆ ಸಿಕ್ಕಿತು. 2021 ಮತ್ತು 2023ನ್ನು ಹಾಗೇ ಪಕ್ಕದಲ್ಲಿಟ್ಟರೆ ಸೊನ್ನೆಯಿಂದ ಆಕಾಶಕ್ಕೆ ಏರಿದ ಹಾಗೆ ಕಾಣುತ್ತದೆ. ಎಷ್ಟೋ ಜನ ಅದನ್ನೇ ಕಳ್ಳಸಾಗಣೆ ಅಂತ ಸ್ಲೈಡ್ ಮಾಡಿ ತೋರಿಸುತ್ತಾರೆ! ಯುಎನ್‌ನ ಪರಿವರ್ತನೆ ಪಟ್ಟಿಯೂ ಪೂರ್ತಿ ಉಳಿಸಲಿಲ್ಲ. ಒಂದು ಕೋಡ್ ಮೂರಾಗಿ ಒಡೆದಾಗ ಯಾವುದಕ್ಕೆ ಎಷ್ಟು ಪಾಲು ಅಂತ ಅದು ಹೇಳಲ್ಲ. ಕೊನೆಗೆ ಒಡೆದವನ್ನೂ ಸೇರಿದವನ್ನೂ ಒಟ್ಟಿಗೆ ಕಟ್ಟಿ ಕುಟುಂಬ ಮಾಡಿದೆ. ವಿವರ ಕಡಿಮೆಯಾಯಿತು, ನಿದ್ದೆ ಬಂತು.

ಎರಡನೆಯದೇ ನಿಜವಾದ ಕಗ್ಗಂಟು. ರಫ್ತು ಮಾಡುವವರು ಸರಕು ಹೋಗುವ ದೇಶ ಬರೆಯುತ್ತಾರೆ, ಆಮದು ಮಾಡುವವರು ಅದು ತಯಾರಾದ ದೇಶ ಬರೆಯುತ್ತಾರೆ. ಮಲೇಷ್ಯಾದಲ್ಲಿ ತಯಾರಾದ ಚಿಪ್ ಜರ್ಮನಿಯ ಗೋದಾಮಿನಿಂದ ಬಿಷ್ಕೆಕ್‌ಗೆ ಹೋಯಿತು ಅನ್ನಿ. ಜರ್ಮನಿ ಪುಸ್ತಕದಲ್ಲಿ ಕಿರ್ಗಿಸ್ತಾನ, ಕಿರ್ಗಿಸ್ತಾನದ ಪುಸ್ತಕದಲ್ಲಿ ಮಲೇಷ್ಯಾ. ಯಾರೂ ಕಳ್ಳತನ ಮಾಡದೆಯೇ ಅಂತರ ಬಿತ್ತು. ಪೇಪರ್ ವಿಮರ್ಶಕರು ಪಟ್ಟು ಹಿಡಿದದ್ದು ಇದನ್ನೇ.

ನಾನು ಜೋಡಿ ದೇಶಗಳ ಲೆಕ್ಕವನ್ನೇ ಬಿಟ್ಟೆ. ಇಡೀ ಜಗತ್ತು ಕಿರ್ಗಿಸ್ತಾನಕ್ಕೆ ಕಳಿಸಿದ್ದು ಒಂದು ಮೊತ್ತ, ಕಿರ್ಗಿಸ್ತಾನ ಇಡೀ ಜಗತ್ತಿನಿಂದ ತಂದದ್ದು ಒಂದು ಮೊತ್ತ, ಕೋಡ್ ಕುಟುಂಬವೊಂದಕ್ಕೆ ಒಂದೊಂದು. ಮಲೇಷ್ಯಾನೋ ಜರ್ಮನಿನೋ, ಒಟ್ಟಿನಲ್ಲಿ ಸೇರಿಬಿಡುತ್ತದೆ. ಇನ್ನೊಂದು ಅನುಕೂಲವೂ ಸಿಕ್ಕಿತು. ಆಮದಿನ ಬೆಲೆಯಲ್ಲಿ ಸಾಗಣೆ, ವಿಮೆ ಸೇರಿರುತ್ತದೆ, ರಫ್ತಿನದರಲ್ಲಿ ಇರಲ್ಲ. ಸಮುದ್ರವೇ ಇಲ್ಲದ ದೇಶಕ್ಕೆ ಆಮದಿನ ಮೊತ್ತ ಹೆಚ್ಚೇ ಇರಬೇಕು, ಅಲ್ವಾ? ಅದೇ ಕಡಿಮೆ ಬಂದರೆ ಸರಕು ಆ ಗಡಿಯಲ್ಲಿ ಇಳಿದೇ ಇಲ್ಲ ಅನ್ನೋ ಅನುಮಾನ. ರಷ್ಯಾ, ಕಿರ್ಗಿಸ್ತಾನ ಎರಡೂ ಇರುವ ಯುರೇಷಿಯನ್ ಆರ್ಥಿಕ ಒಕ್ಕೂಟದೊಳಗೆ ಕಸ್ಟಮ್ಸ್ ಗೇಟ್ ಇಲ್ಲವಲ್ಲ, ಕಾಗದ ಬಿಷ್ಕೆಕ್‌ಗೆ, ಲಾರಿ ರಷ್ಯಾಕ್ಕೆ.

ಆಮೇಲೆ ಹೋಲಿಕೆ. ಅಮೆರಿಕ, ಯುರೋಪ್, ಬ್ರಿಟನ್, ಜಪಾನ್ ಸೇರಿ ಮಾಡಿದ, ರಷ್ಯಾದ ಕೈಗೆ ಸಿಗಲೇಬಾರದ ಸರಕಿನ ಹೈ ಪ್ರಯಾರಿಟಿ ಪಟ್ಟಿ ಇದೆ. 2024ರ ಫೆಬ್ರವರಿಗೆ ಅದು 50 ಕೋಡ್ ಆಯಿತು, ತಲೆಯಲ್ಲಿ 8542ರ ನಾಲ್ಕು ಚಿಪ್ ಕೋಡ್. ಅವುಗಳ ಪಕ್ಕಕ್ಕೆ ಅದೇ ಅಧ್ಯಾಯದ, ಅದೇ ದಾರಿಯಲ್ಲಿ ಹೋಗುವ, ನಿರ್ಬಂಧವಿಲ್ಲದ ಸರಕು ಇಟ್ಟೆ. 2022ರ ಮುಂಚೆ ಎರಡರ ಅಂತರವೂ ಒಂದೇ ಸಮ ಇತ್ತು. ನಂತರ ನಿರ್ಬಂಧದ ಕೋಡ್‌ಗಳಲ್ಲಿ ಮಾತ್ರ ಬಾಯಿ ತೆರೆಯಿತು. ಯಾವ ಸರಕನ್ನು ಪಕ್ಕಕ್ಕಿಟ್ಟೆ, ತೂಕಕ್ಕೂ ಬೆಲೆಗೂ ತಾಳೆಯಾಗದ ಸಾಲುಗಳನ್ನು ಎಲ್ಲಿ ಕತ್ತರಿಸಿದೆ, ಎರಡನ್ನೂ ಇಲ್ಲಿ ಹೇಳಲ್ಲ. ಪೇಪರ್ ಅಚ್ಚಾಗಲಿ.

ನಡುವೆ ವಾಷಿಂಗ್ ಮೆಷಿನ್ ಹಿಂದೆಯೂ ಹೋದೆ. ಅದರ ಚಿಪ್ ಕಿತ್ತು ಕ್ಷಿಪಣಿಗೆ ಹಾಕುತ್ತಾರೆ ಅಂತ ಆಗ ದೊಡ್ಡ ಸುದ್ದಿ. ಕಂಪನಿಗಳು ರಷ್ಯಾ ಬಿಟ್ಟು ಹೋದವು, 750 ಯೂರೋ ದಾಟಿದ ಗೃಹಬಳಕೆ ವಸ್ತುವನ್ನು ಯುರೋಪ್ ಐಷಾರಾಮಿ ಅಂತ ತಡೆಯಿತು. ಬಟ್ಟೆ ಒಗೆಯೋಕೆ ಜನರಿಗೆ ಮೆಷಿನ್ ಬೇಕಿತ್ತು ಅಂದುಕೊಂಡರೂ ನನ್ನ ಅಂಕಿ ಸರಿಹೋಗುತ್ತದೆ. ಎರಡು ವಾರ ಸುಮ್ನೆ ಹೋಯಿತು.

ತೈಲದಲ್ಲಿ ಮಾತ್ರ ಮಜಾ ಸಿಕ್ಕಿತು. ಒಂದು ಕಾಲಕ್ಕೆ ಇರಾನಿನ ತೈಲದ ದೊಡ್ಡ ಗಿರಾಕಿ ನಮ್ಮ ಮಂಗಳೂರಿನ ಎಂಆರ್‌ಪಿಎಲ್. 2019ರ ಮೇ ತಿಂಗಳಲ್ಲಿ, ಇರಾನ್ ಮೇಲಿನ ನಿರ್ಬಂಧದಿಂದ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದದ್ದೇ ತಡ, ಭಾರತದ 2709 (ಕಚ್ಚಾ ತೈಲದ ಕೋಡ್) ಸಾಲಿನಲ್ಲಿ ಇರಾನ್ ಒಣಗಿಹೋಯಿತು. 2023ರಲ್ಲಿ ಚೀನಾದಲ್ಲೂ ಕಾಗದದ ಮೇಲೆ ಇರಾನ್ ಇರಲಿಲ್ಲ. ಆದರೆ ಮಲೇಷ್ಯಾದಿಂದ ತಂದೆವು ಅಂತ ಆ ವರ್ಷ ಚೀನಾ ತೋರಿಸಿದ ತೈಲ, ಮಲೇಷ್ಯಾ ಹೊರತೆಗೆಯುವುದಕ್ಕಿಂತಲೂ ಜಾಸ್ತಿ. ಇದಕ್ಕೆ ಡಾಲರ್ ಬಿಟ್ಟು ಟನ್ ಹಿಡಿಯಿರಿ, ರಿಯಾಯಿತಿ ಬೆಲೆ ಎಲ್ಲವನ್ನೂ ಮಸುಕು ಮಾಡುತ್ತದೆ.

ಯುಎಇಗೆ ಇನ್ನೂ ಕೈ ಹಾಕಿಲ್ಲ. ಅಲ್ಲಿ ಮರು-ರಫ್ತೇ ರಾಶಿ, ನನ್ನ ಕಾಂಟ್ರಾಕ್ಟ್‌ನಲ್ಲಿ ಉಳಿದಿರೋದು ಆರೇಳು ತಿಂಗಳು.